ಮೈಯೊಳಗಿನ ಕಬ್ಬಿಣ

ಕೊಳ್ಳೇಗಾಲದ ಸೀಮೆಯಲ್ಲಿ ಕಬ್ಬಿಣವನ್ನು ಕುರಿತ ಕಥೆಯೊಂದು ತಲೆಮಾರುಗಳಿಂದ ಹಾಡಾಗಿ ಹರಿದುಬಂದಿದೆ. ಮಂಟೇಸ್ವಾಮಿಯು ತನ್ನ ಶಿಷ್ಯ ಸಿದ್ದಪ್ಪಾಜಿಯನ್ನು ಹಲಗೂರಿನ ಪಾಂಚಾಳರಲ್ಲಿಗೆ ಕಬ್ಬಿಣದ ಭಿಕ್ಷೆಗೆಂದು ಕಳುಹಿಸುತ್ತಾನೆ. ಭಿಕ್ಷೆ ಸುಲಭವಾಗಿ ದೊರೆಯುವುದಿಲ್ಲ. ಪವಾಡದ ಮೇಲೆ ಪವಾಡವನ್ನು ಗೆದ್ದು ತೋರಿಸಬೇಕಾಗುತ್ತದೆ. ನೀಲಗಾರರು ತಂಬೂರಿ ಮೀಟಿ ಹಾಡುವ ಈ ಕಾವ್ಯದ ಅರ್ಥವಿಸ್ತಾರವನ್ನು ಬಲ್ಲವರಿಗೆ ಬಿಡೋಣ. ನಮ್ಮ ಇಂದಿನ ಮಾತಿಗೆ ಅದರಿಂದ ಒಂದು ಎಳೆ ಸಾಕು: ಕೂಡಿಟ್ಟ ಕಬ್ಬಿಣವನ್ನು ಹೊರಗೆ ತರುವುದು ಕಷ್ಟದ ಕೆಲಸ. ಮನುಷ್ಯನ ದೇಹದ ಮಟ್ಟಿಗಂತೂ ಈ ಮಾತು ಅಕ್ಷರಶಃ ನಿಜ.

ಬೆಳೆದ ಮನುಷ್ಯನೊಬ್ಬನ ಮೈಯಲ್ಲಿ ಇರುವ ಕಬ್ಬಿಣ ಮೂರು ನಾಲ್ಕು ಗ್ರಾಮು, ಅಷ್ಟೆ. ಒಂದು ಸಣ್ಣ ಮೊಳೆಯ ತೂಕ. ಅದರ ಮೂರರಲ್ಲಿ ಎರಡು ಪಾಲು ರಕ್ತದ ಕೆಂಪು ಕಣಗಳಲ್ಲಿದೆ. ಉಸಿರಿನೊಡನೆ ಒಳಬಂದ ಆಮ್ಲಜನಕವನ್ನು ಹೊತ್ತು ಮೈಯ ಮೂಲೆಮೂಲೆಗೂ ಮುಟ್ಟಿಸುವ ಹಿಮೋಗ್ಲೋಬಿನ್ ಈ ಕಬ್ಬಿಣದಿಂದಲೇ ಆದುದು. ಒಂದು ಕೆಂಪು ಕಣದ ಆಯುಸ್ಸು ಸುಮಾರು 120 ದಿನ. ಅದು ಸತ್ತಾಗ ಅದರೊಳಗಿನ ಕಬ್ಬಿಣವನ್ನು ದೇಹ ಬಿಸಾಡುವುದಿಲ್ಲ. ಆರಿಸಿಕೊಂಡು ಅಸ್ಥಿಮಜ್ಜೆಗೆ ಕಳುಹಿಸಿ ಹೊಸ ಕಣಕ್ಕೆ ಬಳಸುತ್ತದೆ. ಹೀಗೆ ದಿನವೊಂದಕ್ಕೆ ಇಪ್ಪತ್ತು ಇಪ್ಪತ್ತೈದು ಮಿಲಿಗ್ರಾಂ ಕಬ್ಬಿಣ ಒಳಗೊಳಗೇ ಸುತ್ತುತ್ತಿದ್ದರೆ, ಊಟದಿಂದ ಹೊಸದಾಗಿ ಒಳಸೇರುವುದು ಒಂದೆರಡು ಮಿಲಿಗ್ರಾಂ ಮಾತ್ರ. ಚರ್ಮದ ಮತ್ತು ಕರುಳಿನ ಉದುರುವ ಕೋಶಗಳೊಡನೆ ಅಷ್ಟೇ ಹೊರಗೆ ಹೋಗುತ್ತದೆ. ಜಮೆ ಖರ್ಚು ಸರಿಸಮ.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಉಪ್ಪು ಹೆಚ್ಚಾದರೆ ಮೂತ್ರದಲ್ಲಿ ಕಳೆಯಲು ದೇಹಕ್ಕೆ ದಾರಿಯುಂಟು. ಕಬ್ಬಿಣ ಹೆಚ್ಚಾದರೆ ಹೊರಗಟ್ಟಲು ದಾರಿಯೇ ಇಲ್ಲ. ಮನೆಗೆ ಮುಂಬಾಗಿಲುಂಟು, ಹಿತ್ತಿಲ ಬಾಗಿಲಿಲ್ಲ. ಆದುದರಿಂದ ಮುಂಬಾಗಿಲಿನ ಕಾವಲೇ ಮುಖ್ಯ. ಆ ಕಾವಲುಗಾರನ ಹೆಸರು ಹೆಪ್ಸಿಡಿನ್. ಯಕೃತ್ತು ತಯಾರಿಸುವ ಈ ಹಾರ್ಮೋನು ಈ ಶತಮಾನದ ಹೊಸ್ತಿಲಲ್ಲಷ್ಟೇ ವಿಜ್ಞಾನಿಗಳ ಕಣ್ಣಿಗೆ ಬಿದ್ದಿತು. ಮೈಯಲ್ಲಿ ಕಬ್ಬಿಣ ಸಾಕಾದಾಗ, ಇನ್ನು ಬೇಡವೆಂದು ಕರುಳಿಗೆ ತಿಳಿಸುವುದು ಅದರ ಕೆಲಸ.

ಹುಟ್ಟಿನಿಂದಲೇ ಈ ಕಾವಲು ಸಡಿಲವಾಗಿರುವ ಜನ ಕೆಲವರುಂಟು. ಅವರ ಕಾಯಿಲೆಗೆ ಹಿಮೋಕ್ರೊಮಟೋಸಿಸ್ ಎಂದು ಹೆಸರು. ಸಕ್ಕರೆ ಕಾಯಿಲೆ, ಗಟ್ಟಿಯಾದ ಯಕೃತ್ತು, ಕಂಚಿನ ಬಣ್ಣಕ್ಕೆ ತಿರುಗಿದ ಚರ್ಮ, ಈ ಮೂರೂ ಒಬ್ಬನಲ್ಲೇ ಸೇರಿರುವುದನ್ನು ಫ್ರಾನ್ಸಿನ ವೈದ್ಯ ಟ್ರೂಸೋ 1865ರಲ್ಲಿ ವರ್ಣಿಸಿದ. ಜರ್ಮನಿಯ ಫಾನ್ ರೆಕ್ಲಿಂಗ್‌ಹೌಸೆನ್ 1889ರಲ್ಲಿ ಅದಕ್ಕೆ ಹೆಸರಿಟ್ಟ. ಇದು ಕುಡಿತದ ಫಲವಲ್ಲ, ವಂಶದಿಂದ ಬಂದುದು ಎಂದು 1935ರಲ್ಲಿ ಇಂಗ್ಲೆಂಡಿನ ಶೆಲ್ಡನ್ ವಾದಿಸಿದ. ಕಾರಣವಾದ ಜೀನು ಪತ್ತೆಯಾದುದು 1996ರಲ್ಲಿ.

ದಿನಕ್ಕೆ ಎರಡೇ ಮಿಲಿಗ್ರಾಂ ಹೆಚ್ಚಾಗಿ ಉಳಿಯಿತೆನ್ನಿ. ವರ್ಷಕ್ಕೆ ಮುಕ್ಕಾಲು ಗ್ರಾಮಿನ ಹತ್ತಿರ ಬಂತು. ಮೂವತ್ತು ವರ್ಷಕ್ಕೆ ಇಪ್ಪತ್ತು ಗ್ರಾಮು ದಾಟಿತು. ಅದೆಲ್ಲ ಯಕೃತ್ತು, ಹೃದಯ, ಮೇದೋಜೀರಕ ಗ್ರಂಥಿ ಮತ್ತು ಕೀಲುಗಳಲ್ಲಿ ಕೂಡುತ್ತ ಹೋಗುತ್ತದೆ. ನಲವತ್ತರ ಆಸುಪಾಸಿನ ಗಂಡಸು ಕಾರಣವಿಲ್ಲದ ಆಯಾಸ, ಬೆರಳ ಗೆಣ್ಣುಗಳ ನೋವು ಎಂದು ವೈದ್ಯರಲ್ಲಿಗೆ ಹೋಗುತ್ತಾನೆ. ಹೆಂಗಸರಲ್ಲಿ ತಿಂಗಳ ಸ್ರಾವದಿಂದ, ಹೆರಿಗೆಯಿಂದ ಒಂದಷ್ಟು ಕಬ್ಬಿಣ ಕಳೆಯುವುದರಿಂದ ರೋಗ ತೋರುವುದು ತಡ.

ಚಿಕಿತ್ಸೆಯೇನು? ರಕ್ತವನ್ನು ತೆಗೆಯುವುದು. ಕೇಳಿದವರಿಗೆ ಇದು ಹಳೆಯ ಕಾಲದ ಮಾತೆನ್ನಿಸೀತು. ಸುಶ್ರುತ ಸಂಹಿತೆಯಲ್ಲಿ ರಕ್ತಮೋಕ್ಷಣವುಂಟು; ಜಿಗಣೆ ಹಚ್ಚುವುದನ್ನು, ಕೊಂಬಿಡುವುದನ್ನು ನಮ್ಮ ಹಿರಿಯರು ಬಲ್ಲರು. ಯೂರೋಪಿನಲ್ಲಿಯೂ ಎಲ್ಲ ಕಾಯಿಲೆಗೂ ರಕ್ತ ಹರಿಸಿ ಅನೇಕರಿಗೆ ಕೆಡುಕು ಮಾಡಿದ ಕಾಲವೊಂದಿತ್ತು. ಹಳತಾಗಿ ಮೂಲೆ ಸೇರಿದ ಆ ಉಪಾಯ ಈ ಕಾಯಿಲೆಗೆ, ಕಳೆದ ಶತಮಾನದ ನಡುವಿನಿಂದ, ಗಟ್ಟಿಯಾದ ಕಾರಣದ ಮೇಲೆ ಮರಳಿ ಬಂದಿತು. 450 ಮಿಲಿಲೀಟರ್ ರಕ್ತದೊಡನೆ 200ರಿಂದ 250 ಮಿಲಿಗ್ರಾಂ ಕಬ್ಬಿಣ ಹೊರಬರುತ್ತದೆ. ಆ ನಷ್ಟವನ್ನು ತುಂಬಲು ಅಸ್ಥಿಮಜ್ಜೆ ಹೊಸ ರಕ್ತವನ್ನು ಕಟ್ಟಬೇಕು. ಕಟ್ಟಲು ಬೇಕಾದ ಕಬ್ಬಿಣವನ್ನು ಉಗ್ರಾಣದಿಂದಲೇ ತೆಗೆಯಬೇಕು. ಹೀಗೆ ಕೂಡಿಟ್ಟದ್ದು ಕರಗುತ್ತದೆ.

ಇಪ್ಪತ್ತು ಗ್ರಾಮು ಕರಗಿಸಬೇಕಾದವನು ವಾರಕ್ಕೊಮ್ಮೆಯಂತೆ ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ತೋಳು ಚಾಚಬೇಕು. ಸೂಜಿ ಚುಚ್ಚಿದ ಜಾಗ ಗಡುಸಾಗುತ್ತದೆ. ಆ ದಿನ ತಲೆ ಹಗುರಾಗಿ ತಿರುಗುತ್ತದೆ. ನೀರು ಹೆಚ್ಚು ಕುಡಿಯಬೇಕು, ಭಾರದ ಕೆಲಸ ಮಾಡಬಾರದು. ಫೆರಿಟಿನ್ ಎಂಬ ಸಂಗ್ರಹದ ಅಳತೆ ತಕ್ಕ ಮಟ್ಟಕ್ಕೆ ಇಳಿದ ಮೇಲೆ ವರ್ಷಕ್ಕೆ ಕೆಲವು ಸಲ ತೆಗೆದರೆ ಸಾಕು. ಆದರೆ ಅದು ಬಾಳಿನುದ್ದಕ್ಕೂ ನಡೆಯಬೇಕಾದ ವ್ರತ. ಕಬ್ಬಿಣದ ಮಾತ್ರೆ, ಸಿ ಜೀವಸತ್ವದ ಮಾತ್ರೆ, ಮದ್ಯ, ಇವು ವರ್ಜ್ಯ. ಊಟದೊಡನೆ ಕುಡಿಯುವ ಕಾಫಿ ಟೀ ಸಾಮಾನ್ಯರಿಗೆ ಕಬ್ಬಿಣಾಂಶ ದಕ್ಕದಂತೆ ಮಾಡುವ ದೋಷವುಳ್ಳವು. ಇವರಿಗೆ ಆ ದೋಷವೇ ಗುಣ. ಯಕೃತ್ತು ಕೆಡುವ ಮೊದಲೇ ಹಿಡಿದರೆ ಇಂಥವನು ಎಲ್ಲರಂತೆ ಆಯುಸ್ಸು ತುಂಬ ಬಾಳಬಹುದು. ಆದುದರಿಂದಲೇ ಒಬ್ಬನಲ್ಲಿ ರೋಗ ಕಂಡರೆ ಒಡಹುಟ್ಟಿದವರನ್ನೂ ಪರೀಕ್ಷಿಸಬೇಕು. ತಂದೆತಾಯಿ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯವಿದೆ.

ಯೂರೋಪಿನ ಉತ್ತರ ಭಾಗದವರಲ್ಲಿ, ಅದರಲ್ಲೂ ಐರ್ಲೆಂಡಿನವರಲ್ಲಿ, ಈ ದೋಷ ಸಾಮಾನ್ಯ. ನಮ್ಮ ದೇಶದಲ್ಲಿ ಅದೇ ದೋಷ ಬಹು ವಿರಳ. ಹಾಗಾದರೆ ಕೊಳ್ಳೇಗಾಲ, ಹನೂರು, ಯಳಂದೂರುಗಳ ಜನಕ್ಕೆ ಇದರ ಗೊಡವೆಯೇಕೆ ಎಂದು ಕೇಳಬಹುದು. ಗೊಡವೆಯಿದೆ. ಕಬ್ಬಿಣ ಮೈಯಲ್ಲಿ ಕೂಡುವ ಇನ್ನೊಂದು ದಾರಿ ಈ ಸೀಮೆಯ ಬೆಟ್ಟಗಳ ಮೇಲೆಯೇ ಹಾದುಹೋಗುತ್ತದೆ.

ಯಳಂದೂರಿಗೆ ನೆರಳಾಗಿ ನಿಂತ ಬಿಳಿಗಿರಿರಂಗನ ಬೆಟ್ಟದಲ್ಲಿ, ಹನೂರಿನಾಚೆಯ ಮಲೆ ಮಹದೇಶ್ವರ ಬೆಟ್ಟದ ಕಾಡುಗಳಲ್ಲಿ ಸೋಲಿಗರ ಪೋಡುಗಳಿವೆ. ಜೇನು, ನೆಲ್ಲಿಕಾಯಿ, ಪಾಚಿ ಕೂಡಿಸಿ, ಕಾಡಿನ ಒಂದೊಂದು ಮರವನ್ನೂ ಹೆಸರಿಡಿದು ಕರೆಯಬಲ್ಲ ಜನ. ಅವರ ಕೆಲವು ಮನೆತನಗಳ ರಕ್ತದಲ್ಲಿ ಕುಡುಗೋಲು ಕಣದ ಕಾಯಿಲೆ, ಎಂದರೆ ಸಿಕಲ್ ಸೆಲ್ ರಕ್ತಹೀನತೆ, ಪೀಳಿಗೆಯಿಂದ ಪೀಳಿಗೆಗೆ ಇಳಿದುಬಂದಿದೆ. ವೈದ್ಯಲೋಕ ಈ ಕಾಯಿಲೆಯನ್ನು ಮೊದಲು ವರ್ಣಿಸಿದ್ದು 1910ರಲ್ಲಿ, ಅಮೆರಿಕದ ಷಿಕಾಗೋ ನಗರದಲ್ಲಿ. ಭಾರತದಲ್ಲಿ ಅದು ಉಂಟೆಂದು 1952ರಲ್ಲಿ ಲೇಮನ್ ಮತ್ತು ಕಟ್‌ಬುಷ್ ಎಂಬ ಸಂಶೋಧಕರು ತೋರಿಸಿದ್ದು ನಮ್ಮ ನೆರೆಯ ನೀಲಗಿರಿಯ ಗಿರಿಜನರಲ್ಲಿ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಆರೋಗ್ಯಸೇವೆಯಲ್ಲಿ ಈ ಕಾಯಿಲೆಯ ಶುಶ್ರೂಷೆಗೂ ಸ್ಥಾನವುಂಟು.

ದೋಷವೆಂದರೆ ಎಷ್ಟು ದೊಡ್ಡದು? ಹಿಮೋಗ್ಲೋಬಿನ್ನಿನ ಒಂದು ಸರಪಣಿಯಲ್ಲಿ ಆರನೆಯ ಕೊಂಡಿ ಮಾತ್ರ ಬೇರೆ ಎಂಬುದನ್ನು 1957ರಲ್ಲಿ ವರ್ನನ್ ಇಂಗ್ರಾಂ ಕಂಡುಕೊಂಡ. ಅಷ್ಟಕ್ಕೇ ದುಂಡಗಿರಬೇಕಾದ ಕಣ ಕುಡುಗೋಲಿನಂತೆ ಬಾಗುತ್ತದೆ, ಕಿರುನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ, ಆಯುಸ್ಸು ತೀರುವ ಮೊದಲೇ ಒಡೆಯುತ್ತದೆ. ಚಳಿಗೆ, ಬಾಯಾರಿಕೆಗೆ, ಜ್ವರಕ್ಕೆ ಮೈಯ ಮೂಳೆಮೂಳೆಯೂ ನೋಯುತ್ತದೆ. ಇಷ್ಟು ಕೇಡಿನ ದೋಷ ಉಳಿದುಬಂದುದೇಕೆ? ಒಬ್ಬ ತಂದೆ ಅಥವಾ ತಾಯಿಯಿಂದ ಮಾತ್ರ ಅದನ್ನು ಪಡೆದವರನ್ನು ಮಲೇರಿಯ ಅಷ್ಟಾಗಿ ಕೊಲ್ಲಲಾರದು. ಚಳಿಜ್ವರದ ಕಾಡಿನಲ್ಲಿ ಅಜ್ಜನನ್ನು ಉಳಿಸಿದ ಗುಣವೇ, ಇಬ್ಬರಿಂದಲೂ ಕೂಡಿಬಂದಾಗ, ಮೊಮ್ಮಗನಿಗೆ ಮುಳುವಾಗುತ್ತದೆ.

ಇಂಥ ಮಕ್ಕಳಿಗೂ, ಬಯಲಿನ ಯಾವ ಜಾತಿಯಲ್ಲಾದರೂ ಹುಟ್ಟಬಹುದಾದ ಥಲಸೀಮಿಯಾ ಮಕ್ಕಳಿಗೂ, ಹೊರಗಿನ ರಕ್ತ ಬೇಕಾಗುತ್ತದೆ. ಸಿಕಲ್ ಸೆಲ್‌ನಲ್ಲಿ ಆಗಾಗ. ತೀವ್ರ ಥಲಸೀಮಿಯಾದಲ್ಲಿ ಮೂರು ನಾಲ್ಕು ವಾರಕ್ಕೊಮ್ಮೆ. ಏರಿಸಿದ ಒಂದೊಂದು ಚೀಲದೊಡನೆಯೂ ಸುಮಾರು 200 ಮಿಲಿಗ್ರಾಂ ಕಬ್ಬಿಣ ಒಳಸೇರುತ್ತದೆ. ಹೊರಗೆ ಹೋಗಲು ಬಾಗಿಲಿಲ್ಲವೆಂದು ಆಗಲೇ ಹೇಳಿದೆ. ಹತ್ತಿಪ್ಪತ್ತು ಚೀಲಗಳಾಗುವಷ್ಟರಲ್ಲಿ ಜೀವ ಉಳಿಸಿದ ರಕ್ತವೇ ಯಕೃತ್ತನ್ನೂ ಹೃದಯವನ್ನೂ ಸುಡಲು ತೊಡಗುತ್ತದೆ. ಐರ್ಲೆಂಡಿನ ರೋಗಿಯಂತೆ ಇವರ ರಕ್ತವನ್ನು ಸುಮ್ಮನೆ ತೆಗೆದುಬಿಡುವಂತಿಲ್ಲ, ಇರುವುದೇ ಕೊರತೆ. ಸಿಕಲ್ ಸೆಲ್‌ನವರಲ್ಲಿ ಒಂದು ಕಡೆ ತೆಗೆಯುತ್ತ ಇನ್ನೊಂದು ಕಡೆ ಕೊಡುವ ವಿನಿಮಯದ ಕ್ರಮವೊಂದಿದೆ. ಉಳಿದವರಿಗೆ ಕಬ್ಬಿಣವನ್ನು ಕಚ್ಚಿ ಹಿಡಿದು ಹೊರಗೊಯ್ಯುವ ಔಷಧಗಳೇ ಗತಿ. ಮೊದಲು ಬಂದ ಡೆಸ್‌ಫೆರಿಯಾಕ್ಸಮಿನ್ ಅನ್ನು ಚರ್ಮದಡಿ ಗಂಟೆಗಟ್ಟಲೆ ಹನಿಸಬೇಕಾಗಿತ್ತು. ಡೆಫೆರಿಪ್ರೋನ್, ಡೆಫೆರಾಸಿರಾಕ್ಸ್‌ಗಳು ಬಂದಮೇಲೆ ನುಂಗುವ ಮಾತ್ರೆ ಸಾಧ್ಯವಾಯಿತು. ಅಸ್ಥಿಮಜ್ಜೆಯ ಕಸಿಯಿಂದ ಥಲಸೀಮಿಯಾ ಗುಣವಾದವರು ಮಾತ್ರ, ಹಳೆಯ ಕಬ್ಬಿಣವನ್ನು ಕಳೆಯಲು, ಐರ್ಲೆಂಡಿನವನಂತೆಯೇ ರಕ್ತ ಕೊಡುತ್ತ ಕುಳಿತುಕೊಳ್ಳಬಲ್ಲರು. ಅಂಥ ದಿನ ಬಂದರೆ ಅದು ಹಬ್ಬದ ದಿನವೇ ಸರಿ.

ಇಲ್ಲಿ ಒಂದು ತಪ್ಪು ತಿಳಿವಳಿಕೆಗೆ ಎಡೆಯಾಗಬಾರದು. ನಮ್ಮ ದೇಶದ ದೊಡ್ಡ ಕಾಯಿಲೆ ಕಬ್ಬಿಣದ ಹೆಚ್ಚಳವಲ್ಲ, ಕೊರತೆ. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49ರ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿ ರಕ್ತಹೀನರು. ಬಸುರಿಗೆ ದಾದಿ ಕೊಟ್ಟ ಮಾತ್ರೆಯನ್ನು ಈ ಮಾತು ಕೇಳಿ ಯಾರೂ ಬಿಸಾಡಬಾರದು. ಮುದ್ದೆಯೊಡನೆ ಸೊಪ್ಪಿನ ಸಾರು, ಅದಕ್ಕೊಂದು ಹೋಳು ನಿಂಬೆ ಅಥವಾ ನೆಲ್ಲಿ, ಇವು ಬಹುಮಂದಿಗೆ ಹಿತವೇ. ಆದರೆ ಬಿಳಿಚಿಕೊಂಡವರೆಲ್ಲರೂ ಕಬ್ಬಿಣದ ಬಡವರಲ್ಲ. ಸಿಕಲ್ ಸೆಲ್ ರೋಗಿಯ ಕಣ ಒಡೆದರೂ ಅದರ ಕಬ್ಬಿಣ ಮೈಯಲ್ಲೇ ಉಳಿಯುತ್ತದೆ. ರಕ್ತ ಏರಿಸಿಕೊಂಡವನಲ್ಲಿ ತುಂಬಿ ತುಳುಕುತ್ತಿರುತ್ತದೆ. ಅಂಥವನಿಗೆ ಪರೀಕ್ಷೆಯಿಲ್ಲದೆ ತಿಂಗಳುಗಟ್ಟಲೆ ಟಾನಿಕ್ ಕುಡಿಸುವುದು ಉರಿಯುವ ಒಲೆಗೆ ಸೌದೆ ಒಟ್ಟಿದಂತೆ. ಮಾತ್ರೆ ತೆಗೆದುಕೊಂಡೂ ರಕ್ತ ಏರದಿದ್ದರೆ, ಕೈಕಾಲು ನೋವು, ಕಣ್ಣಿನ ಹಳದಿ ಜೊತೆಗಿದ್ದರೆ, ಇದು ಯಾವ ಬಗೆಯ ರಕ್ತಹೀನತೆ ಎಂದು ಕೇಳುವ ಹಕ್ಕು ರೋಗಿಗಿದೆ.

2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲಿನಲ್ಲಿ ಆರಂಭವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನ ಅಭಿಯಾನದ 17 ರಾಜ್ಯಗಳಲ್ಲಿ ಕರ್ನಾಟಕವೂ ಸೇರಿದೆ. ನಲವತ್ತರೊಳಗಿನ ಏಳು ಕೋಟಿ ಜನರ ರಕ್ತಪರೀಕ್ಷೆ, 2047ರ ಹೊತ್ತಿಗೆ ಕಾಯಿಲೆಯ ನಿವಾರಣೆ ಅದರ ಸಂಕಲ್ಪ. ಅಂಗವಿಕಲರ ಹಕ್ಕುಗಳ 2016ರ ಕಾಯಿದೆ ಸಿಕಲ್ ಸೆಲ್ ಮತ್ತು ಥಲಸೀಮಿಯಾಗಳನ್ನು ತನ್ನ ಪಟ್ಟಿಗೆ ಸೇರಿಸಿಕೊಂಡಿದೆ. ಆದರೆ ಸಂಕಲ್ಪಕ್ಕೂ ಪೋಡಿಗೂ ನಡುವೆ ಕಾಡುದಾರಿಯಿದೆ. ರಕ್ತನಿಧಿಯಿರುವ ಊರಿಗೆ ಮಗುವನ್ನು ಎತ್ತಿಕೊಂಡು ಹೋಗಿಬರುವ ತಾಯಿಗೆ ಬಸ್ಸಿನ ಖರ್ಚಿನೊಡನೆ ಒಂದು ದಿನದ ಕೂಲಿಯೂ ಹೋಗುತ್ತದೆ.

ಅದಕ್ಕಿಂತ ಸೂಕ್ಷ್ಮವಾದುದು ಮದುವೆಯ ಪ್ರಶ್ನೆ. ಸೋಲಿಗರು ಕುಲ ನೋಡಿ ಹೆಣ್ಣು ತರುತ್ತಾರೆ, ಬಯಲಿನವರು ಗೋತ್ರ ಜಾತಕ ನೋಡುತ್ತಾರೆ. ಜೀನಿಗೆ ಇವು ಯಾವುವೂ ತಿಳಿಯವು. ವಾಹಕನು ರೋಗಿಯಲ್ಲ, ಅವನಿಗೆ ಚಿಕಿತ್ಸೆಯೂ ಬೇಕಿಲ್ಲ. ವಾಹಕರಿಬ್ಬರು ಕೂಡಿದಾಗ ಮಾತ್ರ ಯೋಚನೆ. ಹೀಗಿರುವಾಗ ಪರೀಕ್ಷೆಯ ಚೀಟಿಯನ್ನು ನೋಡಿ, ಇವಳ ರಕ್ತ ಕೆಟ್ಟದ್ದು ಎಂದು ಹೆಣ್ಣೊಬ್ಬಳನ್ನು ದೂರವಿಟ್ಟರೆ, ಕಾಯಿಲೆಯೊಡನೆ ಕಳಂಕವನ್ನೂ ನಾವೇ ಹುಟ್ಟಿಸಿದಂತಾಯಿತು. ಚೀಟಿ ಇರುವುದು ಮದುವೆಯನ್ನು ಮುರಿಯುವುದಕ್ಕಲ್ಲ. ಮಗು ಹುಟ್ಟುವ ಮೊದಲೇ ತಂದೆತಾಯಿಗೆ ತಮ್ಮ ದಾರಿಯನ್ನು ತಿಳಿದು ಆರಿಸಿಕೊಳ್ಳುವ ಅವಕಾಶ ಕೊಡುವುದಕ್ಕೆ.

ಇದನ್ನು ಓದುವ ಪಟ್ಟಣವಾಸಿಗಳಿಂದ ಆಗಬಹುದಾದ ಕೆಲಸವೊಂದುಂಟು. ಆರೋಗ್ಯವಂತನಾದ ಗಂಡಸು ಮೂರು ತಿಂಗಳಿಗೊಮ್ಮೆ, ಹೆಂಗಸು ನಾಲ್ಕು ತಿಂಗಳಿಗೊಮ್ಮೆ ರಕ್ತದಾನ ಮಾಡಬಹುದು. ಕೊಟ್ಟವನ ಕಬ್ಬಿಣವನ್ನು ಊಟ ಕೆಲವು ತಿಂಗಳಲ್ಲಿ ತುಂಬಿಕೊಡುತ್ತದೆ. ಬೆಟ್ಟದಿಂದ ಇಳಿದುಬಂದ ತಾಯಿಗೆ ಮಾತ್ರ, ಆ ದಿನ ರಕ್ತನಿಧಿಯಲ್ಲಿ ಚೀಲ ಇದೆಯೋ ಇಲ್ಲವೋ ಎಂಬುದೇ ದೊಡ್ಡ ಪ್ರಶ್ನೆ.