ಸುದ್ದಿಯಲ್ಲಿ ಹೊಡೆದವನು ಎಲ್ಲಿ?

ಈ ಎರಡು ಶೀರ್ಷಿಕೆಗಳನ್ನು ಗಮನಿಸಿ. 'ಮನೆ ಜಗಳ: ಮಹಿಳೆ ಸಾವು.' 'ಹೆಂಡತಿಯನ್ನು ಹೊಡೆದು ಕೊಂದ ಗಂಡ.' ಘಟನೆ ಒಂದೇ. ಆದರೆ ಮೊದಲನೆಯದರಲ್ಲಿ ಹೊಡೆದವನೇ ಕಾಣುವುದಿಲ್ಲ. ಓದುಗರು ಅದನ್ನು ಅಪಘಾತದಂತೆ ಓದಿ ಮುಂದಿನ ಪುಟಕ್ಕೆ ಹೋಗುತ್ತಾರೆ. ಪದಗಳ ಈ ಪ್ರಭಾವ ಎಷ್ಟೆಂಬುದನ್ನು ಕೆರಿಬಿಯನ್ ಸಮುದ್ರದ ಹೈಟಿ ದೇಶದ ಉದಾಹರಣೆಯಿಂದ ತಿಳಿಯೋಣ.

ಹೈಟಿಯ 1835ರ ದಂಡಸಂಹಿತೆಯ 269ನೆಯ ವಿಧಿಯ ಪ್ರಕಾರ, ಮನೆಯಲ್ಲಿ ಪರಪುರುಷನೊಡನೆ ಸಿಕ್ಕಿಬಿದ್ದ ಹೆಂಡತಿಯನ್ನು ಗಂಡ ಕೊಂದರೆ ಅದು ಕ್ಷಮಾರ್ಹವಾಗಿತ್ತು. ಹೆಂಡತಿಗೆ ಅಂಥ ರಿಯಾಯಿತಿ ಇರಲಿಲ್ಲ. 2005ರ ಸುಗ್ರೀವಾಜ್ಞೆ ಈ ವಿನಾಯಿತಿಯನ್ನು ತೆಗೆದುಹಾಕಿತು. ಅತ್ಯಾಚಾರವನ್ನೂ 'ಸಭ್ಯತೆಗೆ ವಿರುದ್ಧವಾದ ಅಪರಾಧ'ಗಳ ಸಾಲಿನಿಂದ ಹೊರತಂದು, ವ್ಯಕ್ತಿಯ ಮೇಲಿನ ಆಕ್ರಮಣವೆಂದು ಹೇಳಿತು. ಆದರೆ ಕಾನೂನು ಬದಲಾದ ಮಾತ್ರಕ್ಕೆ ಸುದ್ದಿಯ ಭಾಷೆ ಬದಲಾಗಬೇಕೆಂದೇನಿಲ್ಲ. ಫ್ರೆಂಚ್ ಪತ್ರಿಕಾಭಾಷೆಯಲ್ಲಿ 'ಭಾವೋದ್ವೇಗದ ಅಪರಾಧ' ಎಂಬ ಹಳೆಯ ನುಡಿಗಟ್ಟೊಂದಿದೆ. ಅದನ್ನು ಬಳಸಿದೊಡನೆ ಕೊಲೆಗೆ ಪ್ರೇಮದ ಬಣ್ಣ ಬರುತ್ತದೆ. ಹಿಂದೆ ಕಾನೂನು ಕೊಡುತ್ತಿದ್ದ ಕ್ಷಮೆಯನ್ನು ಓದುಗರೇ ಕೊಟ್ಟುಬಿಡಬಹುದು.

ಇನ್ನೊಂದು ತೊಡಕು ಭಾಷೆಯದು. 1898ರಲ್ಲಿ ಆರಂಭವಾದ 'ಲೆ ನೂವೆಲಿಸ್ತ್' ಪತ್ರಿಕೆಯ ಭಾಷೆ ಫ್ರೆಂಚ್. ಅದನ್ನು ಚೆನ್ನಾಗಿ ಬಲ್ಲವರು ಹೈಟಿಯಲ್ಲಿ ಕಡಿಮೆ. ಜನರೆಲ್ಲರ ಮಾತು ಕ್ರಿಯೋಲ್. 1987ರ ಸಂವಿಧಾನ ಅದಕ್ಕೂ ಅಧಿಕೃತ ಭಾಷೆಯ ಸ್ಥಾನ ನೀಡಿತು. ಹೆಚ್ಚಿನವರಿಗೆ ಸುದ್ದಿ ತಲುಪುವುದು ಕ್ರಿಯೋಲ್ ರೇಡಿಯೊದಿಂದ. ಆದ್ದರಿಂದ ಹಿಂಸೆಯನ್ನು ಹಿಂಸೆಯೆಂದೇ ಕರೆಯುವ ಪದ ಫ್ರೆಂಚ್ ಪತ್ರಿಕೆಯಲ್ಲಿದ್ದರೆ ಸಾಲದು, ಮನೆಮಾತಿನಲ್ಲೂ ಕೇಳಿಬರಬೇಕು.

ಮೂರನೆಯದು, ಸುದ್ದಿಯ ಮೂಲ. ವರದಿಗಾರರು ಪೊಲೀಸ್ ಠಾಣೆ, ನ್ಯಾಯಾಲಯಗಳನ್ನಷ್ಟೇ ನೆಚ್ಚಿಕೊಂಡರೆ ಸಿಗುವುದು ಕೊನೆಯ ಪೆಟ್ಟಿನ ವಿವರ ಮಾತ್ರ. ಅದಕ್ಕೂ ಮುಂಚಿನ ವರ್ಷಗಳ ಕಥೆ ಗೊತ್ತಿರುವುದು ನೊಂದ ಮಹಿಳೆಯರ ಜೊತೆ ನಿಂತವರಿಗೆ. 1980ರ ದಶಕದಲ್ಲಿ ಹುಟ್ಟಿದ 'ಕಾಯ್ ಫಾನ್ಮ್' (ಹೆಂಗಸರ ಮನೆ), 'ಸೋಫಾ' ಸಂಘಟನೆಗಳು ಈ ಕೆಲಸ ಮಾಡಿದವು. 2010ರ ಜನವರಿ 12ರ ಭೂಕಂಪ ಹೈಟಿಯ ಮಹಿಳಾ ಚಳವಳಿಯ ಮೂವರು ಮುಂದಾಳುಗಳನ್ನು ಬಲಿತೆಗೆದುಕೊಂಡಿತು: ಮಿರಿಯಮ್ ಮೆರ್ಲೆ, ಮಾಗಲಿ ಮಾರ್ಸೆಲಿನ್, ಆನ್ ಮರಿ ಕೊರಿಯೊಲಾನ್. ಅವರೊಂದಿಗೆ ಎಷ್ಟೋ ನೊಂದವರ ಪರವಾಗಿ ಮಾತನಾಡುತ್ತಿದ್ದ ದನಿಗಳೂ ಅಡಗಿದವು.

ಇಂಥ ಸುದ್ದಿ ಎದುರಾದಾಗ ನೀವು ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಹೊಡೆದವರು ಯಾರು? ಎಷ್ಟು ದಿನಗಳಿಂದ? ಆಕೆ ಯಾರ ಬಳಿ ಹೇಳಿಕೊಂಡಿದ್ದಳು? ಕೇಳಿಸಿಕೊಂಡವರು ಏನು ಮಾಡಿದರು? ಉತ್ತರ ವರದಿಯಲ್ಲಿಲ್ಲದಿದ್ದರೆ ಆ ಸುದ್ದಿ ಇನ್ನೂ ಪೂರ್ತಿಯಾಗಿಲ್ಲ.