ಆಟ ನೋಡುವ ಖುಷಿಗೂ ಲೆಕ್ಕ ಪುಸ್ತಕದಲ್ಲಿ ಒಂದು ಸಾಲು



ವಾರದ ಸಭೆ ಮುಗಿದು, ಉಳಿತಾಯದ ಹಣ ಎಣಿಸಿ, ಪಾಸ್ ಪುಸ್ತಕಕ್ಕೆ ಬರೆದಾದ ಮೇಲೆ ನಮ್ಮ ಸಂಘಗಳಲ್ಲಿ ಸುಖದುಃಖದ ಮಾತು ಶುರುವಾಗುತ್ತದೆ. ಆಗ ನಾವು ಪದೇ ಪದೇ ಕೇಳುವ ಮಾತೊಂದಿದೆ. “ಮಗಳ ಶಾಲೆಯ ತಂಡ ತಾಲ್ಲೂಕಿನಲ್ಲಿ ಆಡ್ತದೆ. ಹೋಗಿ ನೋಡ್ಬೇಕು ಅಂತ ಆಸೆ. ಆದ್ರೆ ಅದಕ್ಕೆ ದುಡ್ಡು ತೆಗೆಯೋದು ಹ್ಯಾಗೆ? ಮನೆಯಲ್ಲಿ ಏನಂತಾರೆ?” ಆಟದ ಬದಲು ಜಾತ್ರೆ, ನಾಟಕ, ಸಿನಿಮಾ ಯಾವುದೇ ಇರಲಿ, ಮಾತು ಮಾತ್ರ ಅದೇ. ಮಕ್ಕಳ ಫೀಸಿಗೆ ಸಾವಿರ ರೂಪಾಯಿ ಸಾಲ ಕೇಳಲು ಹಿಂಜರಿಯದ ನಾವು, ನಮ್ಮ ಖುಷಿಗೆ ಐವತ್ತು ರೂಪಾಯಿ ತೆಗೆದರೆ ಕಳ್ಳತನ ಮಾಡಿದ ಹಾಗೆ ಒದ್ದಾಡುತ್ತೇವೆ.

ಈ ಒದ್ದಾಟ ನಮ್ಮೂರಿನದ್ದು ಮಾತ್ರ ಅಲ್ಲ. ಇಂಗ್ಲೆಂಡಿನಲ್ಲಿ ಮಹಿಳೆಯರ ಫುಟ್‌ಬಾಲ್ ಆಟ, ಅದನ್ನು ನೋಡಲು ಬಂದ ಜನ, ಅವರು ಕೊಟ್ಟ ಚಿಲ್ಲರೆ ಕಾಸು, ಇವುಗಳ ಕಥೆಯಲ್ಲೂ ಇದೇ ಪ್ರಶ್ನೆ ಇದೆ. ಹೆಂಗಸರ ಕೈಯಲ್ಲಿ ಓಡಾಡುವ ಹಣವನ್ನು ಜನ ಯಾವ ಕಣ್ಣಿನಿಂದ ನೋಡುತ್ತಾರೆ ಎಂಬುದು ಈ ಕಥೆಯಿಂದ ನಮಗೆ ಚೆನ್ನಾಗಿ ಅರ್ಥವಾಗುತ್ತದೆ.

ಪುಕ್ಕಟೆ ಎಂದಾಗ ಬಂದವರು

ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಪ್ರೆಸ್ಟನ್ ಎಂಬ ಊರಿದೆ. ಆಗ ಅದು ಗಿರಣಿಗಳ ಪಟ್ಟಣವಾಗಿತ್ತು. ಅಲ್ಲಿನ ಪುರುಷರ ಫುಟ್‌ಬಾಲ್ ಕ್ಲಬ್ 1885ರಲ್ಲಿ ಒಂದು ಪಂದ್ಯಕ್ಕೆ ಹೆಂಗಸರಿಗೆ ಟಿಕೆಟ್ ಬೇಡ ಎಂದು ಹೇಳಿತು. ಆ ದಿನ ಸುಮಾರು 2,000 ಮಂದಿ ಹೆಂಗಸರು ಬಂದರು. ಇಷ್ಟು ಜನ ಬರುತ್ತಾರೆಂದು ಯಾರೂ ಎಣಿಸಿರಲಿಲ್ಲ. ಕ್ರಮೇಣ ಕ್ಲಬ್‌ಗಳು ಈ ರಿಯಾಯಿತಿಯನ್ನು ನಿಲ್ಲಿಸಿದವು.

ಆಟ ನೋಡುವ ಆಸೆ ಅವರಲ್ಲಿ ಮೊದಲೇ ಇತ್ತು, ಕೈಯಲ್ಲಿ ಕಾಸು ಇರಲಿಲ್ಲ ಅಷ್ಟೇ. ನಮ್ಮ ರಾಜ್ಯದಲ್ಲಿ 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಆರಂಭವಾಗಿ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡು ಕೊಡುವುದು ತಪ್ಪಿದಾಗ, ಎಷ್ಟೋ ಅಕ್ಕಂದಿರು ವರ್ಷಗಳಿಂದ ಅಂದುಕೊಂಡಿದ್ದ ಊರಿಗೆ ಹೋಗಿ ಬಂದದ್ದನ್ನು ನಾವೂ ಕಂಡಿದ್ದೇವೆ.

ಕಾರ್ಖಾನೆಯ ಹುಡುಗಿಯರು

ಮೊದಲನೇ ಮಹಾಯುದ್ಧದಲ್ಲಿ ಗಂಡಸರು ಯುದ್ಧಕ್ಕೆ ಹೋದಾಗ ಕಾರ್ಖಾನೆಗಳ ಕೆಲಸ ಹೆಂಗಸರ ಮೇಲೆ ಬಿತ್ತು. ಅದೇ ಪ್ರೆಸ್ಟನ್ ಪಟ್ಟಣದ ಡಿಕ್, ಕೆರ್ ಎಂಬ ಕಾರ್ಖಾನೆಯಲ್ಲಿ ಮದ್ದುಗುಂಡಿನ ಕೆಲಸ ಮಾಡುತ್ತಿದ್ದ ಹುಡುಗಿಯರು ಫುಟ್‌ಬಾಲ್ ತಂಡ ಕಟ್ಟಿದರು. 1917ರ ಕ್ರಿಸ್ಮಸ್ ದಿನ ಗಾಯಾಳು ಸೈನಿಕರ ಆಸ್ಪತ್ರೆಗಾಗಿ ಆಡಿದ ಅವರ ಪಂದ್ಯ ನೋಡಲು ಸುಮಾರು 10,000 ಜನ ಸೇರಿದರು.

1920ರ ಡಿಸೆಂಬರ್ 26ರಂದು ಲಿವರ್‌ಪೂಲ್ ನಗರದ ಗುಡಿಸನ್ ಪಾರ್ಕ್ ಮೈದಾನದಲ್ಲಿ ಇದೇ ತಂಡ ಸೇಂಟ್ ಹೆಲೆನ್ಸ್ ಮಹಿಳಾ ತಂಡದ ವಿರುದ್ಧ ಆಡಿತು. ಒಳಗೆ ಸುಮಾರು 53,000 ಪ್ರೇಕ್ಷಕರಿದ್ದರು. ಜಾಗ ಸಾಲದೆ ಇನ್ನೂ ಸಾವಿರಾರು ಜನ ಗೇಟಿನ ಹೊರಗೆ ಉಳಿದರು. ಅಂದು ಕೂಡಿದ ಹಣ 3,115 ಪೌಂಡ್.

ಈ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡೋಣ. ಆಗ ಒಂದು ಪೌಂಡಿಗೆ 20 ಷಿಲ್ಲಿಂಗ್. 3,115 ಪೌಂಡ್ ಅಂದರೆ 62,300 ಷಿಲ್ಲಿಂಗ್ ಆಯಿತು. 53,000 ಜನರಿಗೆ ಹಂಚಿದರೆ ತಲೆಗೆ ಒಂದು ಷಿಲ್ಲಿಂಗ್‌ಗಿಂತ ತುಸು ಹೆಚ್ಚು. ನಮ್ಮ ವಾರದ ಉಳಿತಾಯ ದೊಡ್ಡ ಮೊತ್ತವಾಗುವುದೂ ಹೀಗೆಯೇ. ಹನಿ ಹನಿ ಕೂಡಿದರೆ ಹಳ್ಳ ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ.

ಲೆಕ್ಕದ ನೆಪ, ಮುಚ್ಚಿದ ಬಾಗಿಲು

ಆದರೆ ಒಂದು ವರ್ಷ ತುಂಬುವ ಮೊದಲೇ, 1921ರ ಡಿಸೆಂಬರ್ 5ರಂದು, ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆಯು ತನ್ನ ಸದಸ್ಯ ಕ್ಲಬ್‌ಗಳು ಮಹಿಳೆಯರ ಪಂದ್ಯಕ್ಕೆ ಮೈದಾನ ಕೊಡಬಾರದೆಂದು ಹೇಳಿತು. ಅದಕ್ಕೆ ಎರಡು ಕಾರಣ ಕೊಟ್ಟಿತು. ಒಂದು, ಈ ಆಟ ಹೆಂಗಸರಿಗೆ ಹೊಂದುವುದಿಲ್ಲ. ಎರಡು, ಕೂಡಿದ ಹಣದಲ್ಲಿ ಹೆಚ್ಚಿನ ಪಾಲು ಖರ್ಚಿಗೆ ಹೋಗುತ್ತದೆ, ಧರ್ಮಕಾರ್ಯಕ್ಕೆ ಸಾಕಷ್ಟು ಸಲ್ಲುವುದಿಲ್ಲ.

ಆ ಖರ್ಚು ಯಾವುದು? ತಂಡದ ಹುಡುಗಿಯರಿಗೆ ಒಂದು ಪಂದ್ಯಕ್ಕೆ ಖರ್ಚಿನ ಬಾಬ್ತು 10 ಷಿಲ್ಲಿಂಗ್, ಅಂದರೆ ಅರ್ಧ ಪೌಂಡ್ ಸಿಗುತ್ತಿತ್ತು. ಅವರೆಲ್ಲ ದುಡಿದು ತಿನ್ನುವವರು. ಬೇರೆ ಊರಿಗೆ ಹೋಗಿ ಆಡಬೇಕಾದರೆ ಪ್ರಯಾಣ, ಊಟ, ತಪ್ಪಿದ ಕೂಲಿ ಎಲ್ಲ ಇರುತ್ತದಲ್ಲ! ಪುರುಷ ಆಟಗಾರರು ಹಣ ಪಡೆದು ಆಡಲು ಇದೇ ಸಂಸ್ಥೆ 1885ರಲ್ಲೇ ಒಪ್ಪಿಗೆ ಕೊಟ್ಟಿತ್ತು. 1920ರ ಹೊತ್ತಿಗೆ ಅವರ ಗರಿಷ್ಠ ಸಂಬಳ ವಾರಕ್ಕೆ 9 ಪೌಂಡ್ ಆಗಿತ್ತು. ಅದನ್ನು ಸಂಬಳ ಎಂದರು. ಹುಡುಗಿಯರ ಅರ್ಧ ಪೌಂಡನ್ನು ಮಾತ್ರ ದುಂದು ಎಂದರು.

ಸದಸ್ಯೆಯರೇ, ಇದು ನಮಗೆ ಗೊತ್ತಿಲ್ಲದ ಕಥೆಯೇನಲ್ಲ. ಯಜಮಾನರು ದಿನಾ ಬೀಡಿಗೆ, ಹೋಟೆಲಿನ ಚಹಾಕ್ಕೆ ಕೊಡುವ ದುಡ್ಡು ಯಾವ ಲೆಕ್ಕಕ್ಕೂ ಬರುವುದಿಲ್ಲ. ನಾವು ವರ್ಷಕ್ಕೊಮ್ಮೆ ಜಾತ್ರೆಯಲ್ಲಿ ಬಳೆ ಕೊಂಡರೆ ಅದು ದೊಡ್ಡ ಖರ್ಚು!

ಆ ಒಂದು ತೀರ್ಮಾನದಿಂದ ಮಹಿಳೆಯರ ತಂಡಗಳಿಗೆ ದೊಡ್ಡ ಮೈದಾನಗಳು ತಪ್ಪಿದವು. ಮೈದಾನ ಇಲ್ಲದೆ ಪ್ರೇಕ್ಷಕರಿಲ್ಲ, ಪ್ರೇಕ್ಷಕರಿಲ್ಲದೆ ಹಣವಿಲ್ಲ. ಡಿಕ್, ಕೆರ್ ತಂಡದವರು ಸಿಕ್ಕ ಸಣ್ಣ ಬಯಲುಗಳಲ್ಲೇ ಆಡುತ್ತಾ ಬಂದರು. 14–15ರ ವಯಸ್ಸಿಗೆ ತಂಡ ಸೇರಿದ್ದ ಲಿಲಿ ಪಾರ್ ಎಂಬಾಕೆ ಆಸ್ಪತ್ರೆಯಲ್ಲಿ ದಾದಿಯಾಗಿ ದುಡಿಯುತ್ತಲೇ 1951ರವರೆಗೂ ಆಡಿದರು. ಆ ನಿಷೇಧ ತೆರವಾದದ್ದು ಸುಮಾರು ಐವತ್ತು ವರ್ಷಗಳ ಮೇಲೆ, 1970ರ ದಶಕದ ಆರಂಭದಲ್ಲಿ. 2008ರಲ್ಲಿ ಆ ಸಂಸ್ಥೆ ಕ್ಷಮೆ ಕೇಳಿತು.

ಮತ್ತೆ ಬಂದ ಜನ

2022ರಲ್ಲಿ ಮಹಿಳೆಯರ ಯುರೋಪ್ ಕಪ್ ಪಂದ್ಯಾವಳಿ ಇಂಗ್ಲೆಂಡಿನಲ್ಲೇ ನಡೆಯಿತು. ಟಿಕೆಟ್ ದರವನ್ನು 5 ಪೌಂಡಿನಿಂದ ಇಟ್ಟಿದ್ದರು. ಮಕ್ಕಳನ್ನು ಕರೆದುಕೊಂಡು ಬರುವ ಸಾಮಾನ್ಯ ಮನೆಯವರಿಗೂ ಅದು ಕೈಗೆಟಕುವ ದರ. ಜುಲೈ 31ರಂದು ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ನಡೆದ ಕೊನೆಯ ಪಂದ್ಯಕ್ಕೆ 87,192 ಜನ ಬಂದರು. ಇಂಗ್ಲೆಂಡ್ ತಂಡ ಜರ್ಮನಿಯನ್ನು 2–1ರಿಂದ ಸೋಲಿಸಿತು.

ಪ್ರೇಕ್ಷಕರ ದನಿಗೂ ಬೆಲೆಯಿದೆ. 2019ರಲ್ಲಿ ಫ್ರಾನ್ಸಿನಲ್ಲಿ ಅಮೆರಿಕದ ಮಹಿಳೆಯರು ವಿಶ್ವಕಪ್ ಗೆದ್ದಾಗ ಮೈದಾನದಲ್ಲಿದ್ದ ಜನರೇ “ಸಮಾನ ವೇತನ” ಎಂದು ಕೂಗಿದರು. 2022ರಲ್ಲಿ ಅಲ್ಲಿನ ಫುಟ್‌ಬಾಲ್ ಸಂಸ್ಥೆಯು ಆಟಗಾರ್ತಿಯರಿಗೆ 2 ಕೋಟಿ 40 ಲಕ್ಷ ಡಾಲರ್ ಕೊಡುವ ಒಪ್ಪಂದಕ್ಕೆ ಬಂತು. ಆಟಗಾರ್ತಿಯರು ಕೋರ್ಟಿನಲ್ಲಿ ಹೋರಾಡಿದರು, ನೋಡುವವರು ಅವರ ಬೆನ್ನಿಗೆ ನಿಂತರು.

ನಮ್ಮಲ್ಲೂ ಹುಡುಗಿಯರು ಆಡುತ್ತಿದ್ದಾರೆ. ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡ 2023ರಲ್ಲಿ ರಾಷ್ಟ್ರೀಯ ಮಹಿಳಾ ಲೀಗ್‌ನ ಕೊನೆಯ ಪಂದ್ಯದವರೆಗೆ ಹೋಯಿತು. ಭಾರತದ ತಂಡ 2025ರ ಜುಲೈನಲ್ಲಿ ಥಾಯ್ಲೆಂಡನ್ನು 2–1ರಿಂದ ಸೋಲಿಸಿ 2026ರ ಏಷ್ಯಾ ಕಪ್‌ಗೆ ಅರ್ಹತೆ ಗಳಿಸಿತು. ನಾಳೆ ನಮ್ಮ ಮಗಳೇ ಆಡಬಹುದು. ಅವಳ ಆಟ ನೋಡಲು ತಾಯಿ ಬರಬೇಡವೇ?

ಹಾಗಾದರೆ ದುಡ್ಡು ಎಲ್ಲಿಂದ?

ಖುಷಿಗೆ ಖರ್ಚು ಮಾಡುವುದು ತಪ್ಪಲ್ಲ ಎಂದು ನಾವು ಹೇಳಿದ ಮಾತ್ರಕ್ಕೆ ಕೈಯಲ್ಲಿ ಹಣ ಹುಟ್ಟುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಅದಕ್ಕೆ ಒಂದು ಉದಾಹರಣೆ ನೋಡೋಣ.

ಮೂರು ತಿಂಗಳ ನಂತರ ತಾಲ್ಲೂಕಿನಲ್ಲಿ ಪಂದ್ಯ ಇದೆ. ನೀವು ಮತ್ತು ಇಬ್ಬರು ಮಕ್ಕಳು ಹೋಗಬೇಕು. ಖಾಸಗಿ ಬಸ್ಸಿನ ಚಾರ್ಜು 240 ರೂಪಾಯಿ, ಟಿಕೆಟ್ 100, ಚಹಾ-ತಿಂಡಿ 150, ಕೈ ಖರ್ಚು 110. ಒಟ್ಟು 600 ರೂಪಾಯಿ. 12 ವಾರಕ್ಕೆ ಹಂಚಿದರೆ ವಾರಕ್ಕೆ 50 ರೂಪಾಯಿ ತೆಗೆದಿಟ್ಟರೆ ಸಾಕು.

ಇದೇ 600 ರೂಪಾಯಿಯನ್ನು ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಯಂತೆ ಸಾಲ ತಂದಿರೆಂದು ಇಟ್ಟುಕೊಳ್ಳಿ. ತಿಂಗಳಿಗೆ 12 ರೂಪಾಯಿ ಬಡ್ಡಿ. ಅಸಲು ಕಟ್ಟದೆ ವರ್ಷ ಕಳೆದರೆ ಬಡ್ಡಿಯೇ 144 ರೂಪಾಯಿ. ಆಟ ಒಂದು ದಿನದ್ದು, ಬಡ್ಡಿ ವರ್ಷ ಪೂರ್ತಿ.

ಆದ್ದರಿಂದ ಕೆಲವು ವಿಷಯ ನೆನಪಿಡೋಣ:

• ಮೊದಲು ಅಕ್ಕಿ-ಬೇಳೆ, ಶಾಲೆ, ಔಷಧಿ, ಸಾಲದ ಕಂತು, ಸಂಘದ ಉಳಿತಾಯ. ಇವಕ್ಕೆ ಕೈ ಹಾಕಿ ಖುಷಿಯ ಹಣ ತೆಗೆಯಬಾರದು.

• ಖುಷಿಯ ಹಣಕ್ಕೆ ಬೇರೆ ಡಬ್ಬಿ ಇಡಿ. ವಾರಕ್ಕೆ ಹತ್ತೇ ರೂಪಾಯಿ ಆದರೂ ಸರಿ. ಆ ಹಣ ಸಾಲುವವರೆಗೆ ಕಾಯಿರಿ. ಇದಕ್ಕಾಗಿ ಸಂಘದಿಂದಾಗಲಿ, ಮೊಬೈಲಿನಲ್ಲಿ ಕ್ಷಣದಲ್ಲಿ ಸಾಲ ಕೊಡುತ್ತೇವೆ ಎನ್ನುವವರಿಂದಾಗಲಿ ಸಾಲ ಬೇಡ.

• ಮನೆಯ ಲೆಕ್ಕದ ಪುಸ್ತಕದಲ್ಲಿ ಆಹಾರ, ಶಾಲೆ ಎಂದು ಬರೆಯುವ ಹಾಗೆ “ಖುಷಿ” ಎಂದೂ ಬರೆಯಿರಿ. ಮುಚ್ಚಿಡಬೇಡಿ. ಮುಚ್ಚಿಟ್ಟ ಖರ್ಚಿನ ಮೇಲೆ ಅನುಮಾನ ಬರುತ್ತದೆ, ಬರೆದ ಖರ್ಚನ್ನು ಯಾರ ಮುಂದೆಯೂ ತೋರಿಸಬಹುದು.

• ಆ ಪುಸ್ತಕದಲ್ಲಿ ಮನೆಯವರೆಲ್ಲರ ಖರ್ಚೂ ಇರಲಿ. ನಮ್ಮ ಬಳೆ ಬರೆದರೆ ಯಜಮಾನರ ಬೀಡಿಯನ್ನೂ ಬರೆಯೋಣ. ಜಗಳಕ್ಕಾಗಿ ಬೇಡ. ತಿಂಗಳ ಕೊನೆಗೆ ಇಬ್ಬರೂ ಕೂತು ನೋಡಲಿಕ್ಕಾಗಿ.

• ಆಟ ನೋಡಿ ಆನಂದಿಸೋಣ, ಆಟದ ಮೇಲೆ ಹಣ ಕಟ್ಟುವುದು ಬೇಡ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದೆ. ಮನೆಯ ಹುಡುಗರಿಗೂ ಇದನ್ನು ತಿಳಿಸಿ ಹೇಳಿ.

ಕೊನೆಯ ಮಾತು

ಪ್ರೆಸ್ಟನ್‌ನ ಹುಡುಗಿಯರು ಆಸ್ಪತ್ರೆಗೆ ಸಾವಿರಾರು ಪೌಂಡ್ ಕೂಡಿಸಿ ಕೊಟ್ಟರೂ ಅವರ ಅರ್ಧ ಪೌಂಡಿನ ಖರ್ಚನ್ನೇ ಜನ ಎತ್ತಿ ಆಡಿದರು. ಲೆಕ್ಕ ಸರಿಯಿದ್ದರೆ ಅನ್ಯಾಯ ಆಗುವುದೇ ಇಲ್ಲ ಎಂದು ನಾವು ಹೇಳಲಾರೆವು. ಆದರೆ ಲೆಕ್ಕ ನಮ್ಮ ಕೈಯಲ್ಲಿದ್ದರೆ ತಲೆ ತಗ್ಗಿಸಿ ನಿಲ್ಲಬೇಕಾಗಿಲ್ಲ. ಸಂಘದ ಪುಸ್ತಕ ಬರೆಯಲು ಕಲಿತ ನಮಗೆ ಮನೆಯ ಪುಸ್ತಕ ಕಷ್ಟವಲ್ಲ. ಪುಸ್ತಕದಲ್ಲಿ ಒಂದು ಸಾಲು ಬರೆದರೆ ಮನೆಗೆ ಒಂದು ಸಾಲ ತಪ್ಪುತ್ತದೆ.

ಮುಂದಿನ ಸಭೆಯಲ್ಲಿ ಚರ್ಚಿಸೋಣ

1. ಕಳೆದ ಒಂದು ವರ್ಷದಲ್ಲಿ ನಮ್ಮ ಸ್ವಂತ ಖುಷಿಗೆ ನಾವು ಎಷ್ಟು ಖರ್ಚು ಮಾಡಿದ್ದೇವೆ? ಅದನ್ನು ಮನೆಯಲ್ಲಿ ಹೇಳಿದ್ದೇವಾ, ಮುಚ್ಚಿಟ್ಟಿದ್ದೇವಾ?

2. ನಮ್ಮ ಮನೆಯಲ್ಲಿ ಯಾರ ಖರ್ಚು ಲೆಕ್ಕಕ್ಕೆ ಬರುತ್ತದೆ? ಯಾರದು ಬರುವುದಿಲ್ಲ?

3. ನಮ್ಮೂರಿನ ಹೆಣ್ಣುಮಕ್ಕಳ ಆಟವನ್ನು ಸಂಘದವರೆಲ್ಲ ಸೇರಿ ನೋಡಲು ಹೋಗುವುದಾದರೆ ತಲಾ ಎಷ್ಟು ಹಣ ಬೇಕು, ಎಷ್ಟು ವಾರದಲ್ಲಿ ಕೂಡಿಸಬಹುದು?