ದಾಸವಾಳದ ಬಿಳಿ ಹಿಟ್ಟು, ಬೇಲಿಯಾಚೆಯ ರೇಷ್ಮೆ ಹುಳು

ಅಂಗಳದ ದಾಸವಾಳದ ಚಿಗುರು ಮುರುಟಿಕೊಂಡು, ಎಲೆಯ ಬುಡದಲ್ಲಿ ಬಿಳಿ ಹಿಟ್ಟು ಕೂತಿರುವುದನ್ನು ನೀವು ನೋಡಿರಬಹುದು. ಮೊಗ್ಗು ಬಿರಿಯುವ ಮೊದಲೇ ಉದುರುತ್ತದೆ, ಎಲೆ ಮುಟ್ಟಿದರೆ ಅಂಟು. ಗೊಬ್ಬರ ಸಾಲದೆಂದು ಕೆಲವರು ಯೂರಿಯಾ ಸುರಿಯುತ್ತಾರೆ. ಎಳೆ ಚಿಗುರು ಹೆಚ್ಚಾಗಿ ಕೀಟಕ್ಕೇ ಹಬ್ಬ.

ಆ ಬಿಳಿಯದು ಹಿಟ್ಟು ತಿಗಣೆ. ಮೇಣದ ಪುಡಿ ಹೊದ್ದು ರಸ ಹೀರುವ ಕೀಟ. ಹೀರುವಾಗ ಬಿಡುವ ಜೊಲ್ಲಿನಿಂದಲೇ ಚಿಗುರು ಮುರುಟುವುದು. ಕೊಳ್ಳೇಗಾಲ, ಹನೂರು, ಯಳಂದೂರಿನ ರೇಷ್ಮೆ ಬೆಳೆಗಾರರಿಗೆ ಇದರ ಕೆಲಸ ಹೊಸದಲ್ಲ. ಹಿಪ್ಪುನೇರಳೆಯ ತುದಿ ಗಂಟು ಕಟ್ಟುವ ಟುಕ್ರಾ ಬಾಧೆಗೆ ಕಾರಣವೂ ಇದೇ ಗುಲಾಬಿ ಹಿಟ್ಟು ತಿಗಣೆ. ನಿಮ್ಮ ದಾಸವಾಳ ಪಕ್ಕದ ತೋಟಕ್ಕೆ ಕೀಟ ಸಾಕುವ ತವರುಮನೆ ಆದೀತು.

ಹಾಗೆಂದು ಕೀಟನಾಶಕದ ಬಾಟಲಿಗೆ ಕೈ ಹಾಕಬೇಡಿ. ವಿಜ್ಞಾನ ಓದಿದ ನಾನೇ ಆ ತಪ್ಪು ಮಾಡಿದವನು. ಯಳಂದೂರಿನ ಬಳಿ ನಮ್ಮ ಮನೆಯ ಗಿಡಕ್ಕೆ ಒಂದು ಸಂಜೆ ಔಷಧಿ ಹೊಡೆದೆ. ಗಾಳಿ ಬೇಲಿಯಾಚೆಗೆ ಬೀಸುತ್ತಿತ್ತು. ಮರುದಿನ ಅಲ್ಲಿಂದ ಕೊಯ್ದ ಸೊಪ್ಪನ್ನು ನಾಲ್ಕನೇ ಜ್ವರ ಎದ್ದ ಹುಳುಗಳಿಗೆ ಹಾಕಿದರು. ಹುಳುಗಳು ತಲೆ ಎತ್ತಿ ಒದ್ದಾಡಿ, ಹಸಿರು ನೀರು ಕಕ್ಕಿ ಸತ್ತವು. ಹುಳು ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ಈ ಕೊನೆಯ ಹಂತದ್ದು. ಗೂಡಿಗೆ ಕೆಲವೇ ದಿನ ಬಾಕಿ. ಮೊಟ್ಟೆಯ ದುಡ್ಡು ಕೊಟ್ಟೆ, ತಿಂಗಳ ದುಡಿಮೆಗೆ ಬೆಲೆ ಕಟ್ಟಲಾಗಲಿಲ್ಲ. ಅವರು ಬಯ್ಯಲಿಲ್ಲ. "ಮುಂದಕ್ಕೆ ಒಂದು ಮಾತು ಹೇಳಿ ಹೊಡೀರಿ ಸ್ವಾಮಿ" ಎಂದರಷ್ಟೇ.

ಬೇವಿನೆಣ್ಣೆ ನಿರಪಾಯ ಎಂದು ಕೇಳಿರುತ್ತೀರಿ. ರೇಷ್ಮೆ ಹುಳುವೂ ಕೀಟವೇ ಅಲ್ಲವೇ? ಹಿಪ್ಪುನೇರಳೆ ಹತ್ತಿರವಿದ್ದರೆ ಅದೂ ಬೇಡ.

ಮತ್ತೇನು ಮಾಡಬೇಕು? ಕತ್ತರಿ ಸಾಕು. ಮುರುಟಿದ ತುದಿಗಳನ್ನು ಕತ್ತರಿಸಿ ಸೋಪಿನ ನೀರಿನ ಬಕೆಟ್ಟಿಗೆ ಹಾಕಿ, ಇಲ್ಲವೇ ಸುಟ್ಟುಬಿಡಿ. ತಿಪ್ಪೆಗೆ ಎಸೆದರೆ ತೆವಳಿ ಹಿಂದಿರುಗುತ್ತವೆ. ಉಳಿದ ಕಡೆ ಪೈಪಿನಿಂದ ಜೋರಾಗಿ ನೀರು ಹಾಯಿಸಿ. ಒಂದು ಲೀಟರ್ ನೀರಿಗೆ ಒಂದು ಚಮಚ ಪಾತ್ರೆ ತೊಳೆಯುವ ದ್ರವ ಸೋಪು ಬೆರೆಸಿ, ಬಟ್ಟೆಯಲ್ಲಿ ಅದ್ದಿ ಒರೆಸಿ, ಆಮೇಲೆ ಬರೀ ನೀರಿನಿಂದ ತೊಳೆಯಿರಿ. ವಾರಕ್ಕೊಮ್ಮೆಯಂತೆ ನಾಲ್ಕು ವಾರ. ಮೊಟ್ಟೆಗಳು ಒಟ್ಟಿಗೆ ಒಡೆಯುವುದಿಲ್ಲವಾದ್ದರಿಂದ ಒಂದೇ ಸಲಕ್ಕೆ ಮುಗಿಯದು.

ಇರುವೆ ಸಾಲು ಇದೆಯೇ ನೋಡಿ. ತಿಗಣೆ ಸುರಿಸುವ ಸಿಹಿಗಾಗಿ ಇರುವೆ ಅದನ್ನು ಕಾಯುತ್ತದೆ, ತಿನ್ನಲು ಬಂದವರನ್ನು ಓಡಿಸುತ್ತದೆ. ಕಾಂಡಕ್ಕೆ ಬಟ್ಟೆಪಟ್ಟಿ ಸುತ್ತಿ ಅದರ ಮೇಲೆ ಗ್ರೀಸ್ ಬಳಿಯಿರಿ.

ತಿನ್ನಲು ಬರುವವರಲ್ಲಿ ಮುಖ್ಯವಾದದ್ದು ಗುಲಗಂಜಿ ಹುಳುವಿನ ಒಂದು ಜಾತಿ, ಕ್ರಿಪ್ಟೊಲೀಮಸ್. ಆಸ್ಟ್ರೇಲಿಯಾದ ಇದನ್ನು 1898ರಲ್ಲಿ ಭಾರತಕ್ಕೆ ತಂದರು. ತಮಾಷೆಯೆಂದರೆ ಇದರ ಮರಿಯೂ ಬಿಳಿ ಮೇಣದ ಎಳೆ ಹೊದ್ದು ಹಿಟ್ಟು ತಿಗಣೆಯಂತೆಯೇ ಕಾಣುತ್ತದೆ! ತಿಗಣೆಗಿಂತ ದೊಡ್ಡದಾಗಿದ್ದು ಚುರುಕಾಗಿ ಓಡಾಡಿದರೆ ಅದು ನಿಮ್ಮ ಆಳು. ಹೊಸಕಬೇಡಿ.

ಎಲೆ ಹಳದಿಯಾಗುವ ದೂರು ಬೇರೆ. ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ, ಕುಂಡದ ಅಂಚಿನಲ್ಲಿ ಬಿಳಿ ಉಪ್ಪು ಕಟ್ಟಿದ್ದರೆ, ಬೋರ್‌ವೆಲ್ಲಿನ ಗಡಸು ನೀರಿನ ಮೇಲೆ ಅನುಮಾನಪಡಿ. ಸುಣ್ಣದ ಅಂಶ ಹೆಚ್ಚಾದ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ಸಿಗುವುದಿಲ್ಲ. ಮಳೆ ನೀರು ಹಿಡಿದಿಟ್ಟು ಕುಂಡಗಳಿಗೆ ಹಾಕಿ. ಹಳದಿಯಾದ ಎಲೆಯನ್ನಲ್ಲ, ಮುಂದೆ ಬರುವ ಚಿಗುರನ್ನು ನೋಡಿ ಗುಣವಾಯಿತೇ ಎಂದು ತೀರ್ಮಾನಿಸಿ.